ಹೊಲಿಗೆ ಕೋಣೆಯ ಲೈನು

ಮೊಬೈಲಿನಲ್ಲಿ ‘ಒಪ್ಪಿಗೆ ಇದೆ’ ಎಂಬುದನ್ನು ಓದದೆ ಒತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವನನ್ನು ‘ಎಂತಕ್ಕೆ ಒಪ್ಪಿದೆ ಮಾರಾಯ?’ ಎಂದು ಕೇಳಿದರೆ, ‘ಒತ್ತದಿದ್ರೆ ಮುಂದೆ ಹೋಗಲ್ಲ’ ಎನ್ನುತ್ತಾನೆ. ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಬೇಕಾಗಿಲ್ಲ. ಬೈಯಬೇಕೆಂದು ಬಾಯಿಗೆ ಬರುತ್ತದೆ, ಆದರೆ ಬೈಯುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ್ದು ಇವರದ್ದಕ್ಕಿಂತ ದೊಡ್ಡ ತಪ್ಪು. ಅದರ ಪೆಟ್ಟು ತಿಂದವಳು ಬೇರೆಯವಳು.

ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಕೇಬಲ್ ಆಪರೇಟರ್ ಆಗಿದ್ದೆ. ಕೊಪ್ಪದಲ್ಲಿ ಒಂದು ಸಣ್ಣ ಕೋಣೆ, ತಾರಸಿಯ ಮೇಲೆ ಡಿಶ್‌ಗಳು, ಅಲ್ಲಿಂದ ಮೇಗುಂದದ ಕಡೆಗೆ ಹೋದ ಲೈನು. ದೊಡ್ಡ ಪೇಟೆಯಲ್ಲಾದರೆ ಕಂಬದಿಂದ ಕಂಬಕ್ಕೆ ವಯರು ಎಳೆದರೆ ಕೆಲಸ ಮುಗಿಯಿತು. ನಮ್ಮಲ್ಲಿ ಹಲಸಿನ ಮರದಿಂದ ಮಾವಿನ ಮರಕ್ಕೆ, ಅಲ್ಲಿಂದ ಯಾರದ್ದೋ ಕೊಟ್ಟಿಗೆಯ ಮಾಡಿಗೆ. ಮಂಗ ಜೋತಾಡಿದರೂ ಲೈನು ಹೋಯಿತು, ಗಾಳಿಗೆ ಗೆಲ್ಲು ಮುರಿದರೂ ಹೋಯಿತು. ಧಾರಾವಾಹಿ ಬರುವ ಹೊತ್ತಿಗೆ ಲೈನು ಹೋದರೆ ಜನ ನನ್ನ ಏಳು ತಲೆಮಾರನ್ನು ಎತ್ತಿ ಬೈಯುತ್ತಿದ್ದರು. ಮೈತುಂಬ ಬಂಗಾರ ಹೇರಿಕೊಂಡೇ ಮಲಗಿ, ಹಾಗೆಯೇ ಎದ್ದು ಕುಳಿತುಕೊಳ್ಳುವ ಆ ನಾಯಕಿಯರ ಮೇಲೆ ನನಗೆ ಎಳ್ಳಷ್ಟೂ ಗೌರವ ಇರಲಿಲ್ಲ. ಕುಣಿತದ ಸ್ಪರ್ಧೆಗಳದ್ದಂತೂ ಕೇಳಬೇಡಿ. ಬಡವರ ಮನೆಯ ಕಷ್ಟವನ್ನು ವೇದಿಕೆಗೆ ಎಳೆದು ತರುವುದು, ಜಡ್ಜುಗಳು ಕಣ್ಣೊರೆಸಿಕೊಳ್ಳುವುದು, ಕಣ್ಣೀರು ಒಣಗುವುದರೊಳಗೆ ಸೋಪಿನ ಜಾಹೀರಾತು. ಆದರೂ ನನ್ನ ಅನ್ನ ಅದರಲ್ಲೇ ಇತ್ತು, ಸುಳ್ಳು ಹೇಳಬಾರದು.

ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು. ರಿಪೇರಿಗೆಂದು ಅಷ್ಟು ದೂರ ಹತ್ತಿ ಹೋದಾಗ ಬಾಗಿಲಿಗೆ ಬೀಗ ಇದ್ದರೆ ಆ ದಿನ ದಂಡ. ಅದಕ್ಕೆ ನಾನೊಂದು ಉದ್ದದ ಪುಸ್ತಕ ಇಟ್ಟುಕೊಂಡಿದ್ದೆ. ಪ್ರತಿ ಮನೆಗೂ ಒಂದು ಸಾಲು, ಫೋನ್ ನಂಬರು, ಪಕ್ಕದಲ್ಲಿ ನನ್ನ ನೆನಪಿಗೆ ಒಂದೆರಡು ಮಾತು. ‘ನಾಯಿ ಬಿಟ್ಟಿರುತ್ತಾರೆ, ಕೂಗಿ ಹೋಗು.’ ‘ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಹಿಂಬಾಗಿಲಿಗೆ ಹೋಗು.’ ‘ಶನಿವಾರ ಗಂಡ ಕುಡಿದಿರುತ್ತಾನೆ, ಹೋಗಬೇಡ.’ ಯಾರ ಮನೆಯ ಒಳಗುಟ್ಟು ಏನೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ನಾನು ಅದನ್ನು ಹೊರಗೆ ಆಡಿದವನಲ್ಲ. ಆಡಿದ್ದರೆ ಎರಡನೇ ಸಲ ಯಾರು ಬಾಗಿಲು ತೆಗೆಯುತ್ತಿದ್ದರು?

ಸಾವಿನ ಮನೆಯದ್ದು ಬೇರೆಯೇ ಕ್ರಮ. ಯಾರಾದರೂ ತೀರಿಕೊಂಡರೆ ಟಿ.ವಿ. ಬಂದ್. ಬರೀ ಸ್ವಿಚ್ ಆರಿಸಿಟ್ಟರೆ ಮಕ್ಕಳು ಹಾಕಿಬಿಡುತ್ತಾರೆಂದು ನನ್ನನ್ನು ಕರೆಸಿ ಲೈನನ್ನೇ ತೆಗೆಸುತ್ತಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ಮತ್ತೆ ಹೋಗಿ ಜೋಡಿಸುವುದು. ಅಂಥ ಮನೆಗೆ ನಾನು ಮಾತಾಡದೆ ಹೋಗಿ ಮಾತಾಡದೆ ಬರುತ್ತಿದ್ದೆ.

ಮೇಗುಂದದ ಹತ್ತಿರದ ಒಂದು ಮನೆಯಲ್ಲಿ ಅಣ್ಣತಮ್ಮಂದಿರಲ್ಲಿ ತಮ್ಮ ಹೋಗಿಬಿಟ್ಟ. ಚಿಕ್ಕ ವಯಸ್ಸು, ಎದೆನೋವು ಎಂದು ಕುಳಿತವನು ಏಳಲಿಲ್ಲ. ಮನೆಯಲ್ಲಿ ಉಳಿದವರು ತಾಯಿ, ಅಣ್ಣನ ಸಂಸಾರ, ಮತ್ತು ಸತ್ತವನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ಶಿವಗಣಾರಾಧನೆ ಮುಗಿದರೂ ಲೈನು ಜೋಡಿಸಲು ನನಗೆ ಕರೆ ಬರಲಿಲ್ಲ. ವರ್ಷ ಕಳೆಯುವವರೆಗೆ ಹಬ್ಬವೂ ಬೇಡ, ಟಿ.ವಿ.ಯೂ ಬೇಡ ಎಂದು ತಾಯಿ ಹೇಳಿದ್ದರಂತೆ.

ಸತ್ತವನ ಹೆಂಡತಿ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ನನ್ನ ಹೆಂಡತಿಯ ರವಿಕೆಯನ್ನು ತರಲು ನಾನು ಒಂದು ದಿನ ಹೋಗಿದ್ದೆ. ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ ಆಕೆ, ‘ಅಣ್ಣಾ, ಒಂದು ಕೇಳ್ತೀನಿ, ಬೈಬಾರ್ದು’ ಎಂದಳು.

‘ಎಂತ, ಹೇಳಮ್ಮ’ ಎಂದೆ.

‘ತವರಿಂದ ತಂದ ಸಣ್ಣ ಟಿ.ವಿ. ಒಂದು ಇಲ್ಲೇ ಮೂಲೇಲಿ ಇದೆ. ಅದಕ್ಕೊಂದು ಲೈನ್ ಕೊಡ್ತೀರಾ? ಸದ್ದು ಹಾಕಲ್ಲ. ಯಾರಾದ್ರೂ ನಗೋದು ಕಣ್ಣಿಗೆ ಬಿದ್ರೆ ಸಾಕು. ಈ ಮನೇಲಿ ಯಾರೂ ನಗದೆ ಆರು ತಿಂಗ್ಳಾಯ್ತು. ಭಾವಂಗೆ ಮಾತ್ರ ಗೊತ್ತಾಗ್ಬಾರ್ದು.’

ನಾನು ಹೀನಾಯವಾಗಿ ಬೈಯುತ್ತಿದ್ದ ಅದೇ ಕುಣಿತದ ಸ್ಪರ್ಧೆ ಈ ಹೆಣ್ಣುಮಗಳಿಗೆ ಬೇಕಾಗಿತ್ತು, ಅದೂ ಸದ್ದಿಲ್ಲದೆ. ಹೊಲಿಗೆ ಯಂತ್ರದ ಮುಂದೆ ಕೂತು ಆಗಾಗ ತಲೆ ಎತ್ತಿ ನೋಡಲಿಕ್ಕೆ. ಅವಳ ಭಾವ ಸಂತೆಗೆ ಹೋದ ದಿನ ನಾನು ಹೋಗಿ, ನನ್ನಲ್ಲಿದ್ದ ಹಳೆಯ ಬಾಕ್ಸ್ ಒಂದನ್ನು ಇಟ್ಟು, ಹಿತ್ತಿಲಿನ ಮಾವಿನ ಮರದಿಂದ ಲೈನು ಕೊಟ್ಟು ಬಂದೆ. ಚಿತ್ರ ಬಂದಾಗ ಆಕೆ ನನ್ನನ್ನು ನೋಡಿ ಒಂದು ಚೂರು ನಕ್ಕಳು. ಆಮೇಲೆ ಪುಸ್ತಕದಲ್ಲಿ ಆ ಮನೆಯ ಸಾಲಿನ ಪಕ್ಕ, ಎಲ್ಲಾದರೂ ಮರೆತು ಎಡವಟ್ಟು ಮಾಡಿಯೇನು ಎಂಬ ಹೆದರಿಕೆಗೆ, ಬರೆದುಕೊಂಡೆ: ‘ಮನೆಯ ಲೈನು ಬಂದ್. ಹೊಲಿಗೆ ಕೋಣೆ, ಎರಡನೇ ಲೈನು. ಭಾವನಿಗೆ ತಿಳಿಯಬಾರದು. ಅವರು ಮನೆಯಲ್ಲಿ ಇಲ್ಲದಾಗ ಮಾತ್ರ ಹೋಗು.’ ಸಾಲಿನ ಎದುರು ಇದ್ದ ಫೋನ್ ನಂಬರು ಭಾವನದ್ದು. ಮನೆಗೆಲ್ಲ ಇದ್ದದ್ದು ಅದೊಂದೇ ನಂಬರು.

ಅಷ್ಟರಲ್ಲಿ ಫೈಬರ್ ಕಂಪನಿಯೊಂದು ನಮ್ಮ ಕಡೆಗೆ ಬಂತು. ದೊಡ್ಡ ಕಂಪನಿ, ಹೆಸರು ಹೇಳಿ ಅವರಿಗೆ ಪುಕ್ಕಟೆ ಪ್ರಚಾರ ಕೊಡಲಾರೆ. ಅವರ ಕಡೆಯ ಇಸ್ತ್ರಿ ಅಂಗಿಯ ಯುವಕ ಒಬ್ಬ ನನ್ನ ಮನೆ ಹುಡುಕಿಕೊಂಡು ಬಂದ. ಮಧ್ಯಾಹ್ನ ಊಟದ ಹೊತ್ತು. ಅಂಥ ಹೊತ್ತಿಗೆ ಬಂದವರಿಗೆ ಎಲೆ ಹಾಕದೆ ಕಳಿಸುವುದು ನಮ್ಮಲ್ಲಿ ಇಲ್ಲ. ಹಲಸಿನ ಹಪ್ಪಳ ಎರಡು ಸಲ ಹಾಕಿಸಿಕೊಂಡು ಉಂಡ. ‘ಅಂಕಲ್, ನಿಮ್ಮನ್ನ ಬಿಟ್ಟು ನಾವಿಲ್ಲ. ನೀವೇ ನಮ್ಮ ಪಾರ್ಟ್ನರ್. ನಿಮ್ಮ ಕಸ್ಟಮರ್ ಡೀಟೇಲ್ಸ್ ಕೊಟ್ರೆ ಸಾಕು’ ಎಂದ. ಪಾರ್ಟ್ನರ್ ಎಂಬ ಮಾತಿಗೆ ನಾನು ಹಳ್ಳಕ್ಕೆ ಬಿದ್ದೆ. ಕಂಪ್ಯೂಟರಿನಲ್ಲಿ ಏನೂ ಇಲ್ಲ, ಇರುವುದೆಲ್ಲ ಇದರಲ್ಲಿ ಎಂದು ಪುಸ್ತಕ ತಂದಿಟ್ಟೆ.

‘ಆ ಪುಸ್ತಕ ಎಂತಕ್ಕೆ ಅವ್ರಿಗೆ? ಬೇಕಾದ್ದು ಬೇರೆ ಹಾಳೇಲಿ ಬರ್ದು ಕೊಡಿ’ ಎಂದು ಹೆಂಡತಿ ಅಡುಗೆಮನೆಯಿಂದ ಹೇಳಿದಳು.

‘ಸುಮ್ನಿರು ಮಾರಾಯ್ತಿ. ಉಂಡ ಮನೆಗೆ ಎರಡು ಬಗೆಯೋ ಹಾಗೆ ಕಾಣ್ತಾರಾ ಇವ್ರು?’ ಎಂದೆ. ಅವನೂ ನಕ್ಕ.

ಅವನು ಮೊಬೈಲು ತೆಗೆದು ಒಂದೊಂದೇ ಪುಟದ ಫೋಟೋ ಹೊಡೆಯಲು ಶುರುಮಾಡಿದ. ಫ್ಯಾನಿನ ಗಾಳಿಗೆ ಹಾಳೆ ಮಗುಚುತ್ತಿತ್ತು. ಅವನಿಗೆ ತೊಂದರೆ ಆಗಬಾರದೆಂದು ಹಾಳೆಯ ತುದಿಗೆ ಬೆರಳಿಟ್ಟು ಒತ್ತಿ ಹಿಡಿದುಕೊಂಡವನು ನಾನೇ. ಕೊನೆಯ ಪುಟದವರೆಗೆ ಹಿಡಿದುಕೊಂಡೆ. ಅದರಲ್ಲಿ ನಾನು ಏನೇನು ಬರೆದಿದ್ದೇನೆ ಎಂದು ಆ ಹೊತ್ತಿನಲ್ಲಿ ನನಗೆ ನೆನಪಿಗೇ ಬರಲಿಲ್ಲ, ಅದು ನನ್ನ ಪುಸ್ತಕ, ನಾನೊಬ್ಬನೇ ಓದುವುದು ಎಂಬುದು ಅಷ್ಟು ರೂಢಿಯಾಗಿತ್ತು.

ತಿಂಗಳು ಕಳೆದಿರಬಹುದು. ಆ ಮನೆಯ ಅಣ್ಣನಿಂದ ಫೋನ್ ಬಂತು. ‘ಸ್ವಲ್ಪ ಮನೆ ಹತ್ರ ಬಂದು ಹೋಗಿ’ ಎಂದ, ಅಷ್ಟೆ. ಹೋಗಿ ನೋಡಿದರೆ ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಸಣ್ಣ ಟಿ.ವಿ. ತಂದು ಇಟ್ಟಿದ್ದರು. ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕಪಕ್ಕದ ಮನೆಯ ನಾಲ್ಕು ಜನ ಬೇಲಿಯ ಆಚೆ ನಿಂತಿದ್ದರು. ಅಣ್ಣ ತನ್ನ ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದ ಒಂದು ಕರೆಯನ್ನು ಹಾಕಿದ. ಈಗಿನ ಫೋನುಗಳು ಎಲ್ಲವನ್ನೂ ತಾವಾಗಿ ಕದ್ದು ಇಟ್ಟುಕೊಳ್ಳುತ್ತವಲ್ಲ.

ಕಂಪನಿಯ ಹುಡುಗಿಯೊಬ್ಬಳ ಧ್ವನಿ. ಬಹಳ ನಯವಾದ ಧ್ವನಿ. ‘ನಮಸ್ಕಾರ ಸರ್, ನಿಮ್ಮ ಮನೆಯಲ್ಲಿ ಎರಡು ಕನೆಕ್ಷನ್ ಇದೆ. ಒಂದು ಬಂದ್ ಆಗಿದೆ, ಹೊಲಿಗೆ ಕೋಣೆಯದ್ದು ಚಾಲ್ತಿಯಲ್ಲಿದೆ. ಅದನ್ನು ಫೈಬರ್‌ಗೆ ಬದಲಾಯಿಸಿಕೊಡುತ್ತೇವೆ. ಭಾವ ಅನ್ನುವವರು ಮನೆಯಲ್ಲಿ ಇಲ್ಲದಾಗ ಮಾತ್ರ ಬರಬೇಕು, ಅವರಿಗೆ ತಿಳಿಯಬಾರದು ಅಂತ ಇಲ್ಲಿ ಇದೆ ಸರ್. ಅವರು ಯಾವ ಸಮಯದಲ್ಲಿ ಇರುವುದಿಲ್ಲ ಅಂತ ಹೇಳಿದರೆ ನಮ್ಮ ಟೆಕ್ನಿಷಿಯನ್ ಅದೇ ಸಮಯಕ್ಕೆ ಬರುತ್ತಾರೆ.’

ಆ ಮಾತು ಕೇಳಿಸಿಕೊಂಡವನು ಭಾವನೇ.

‘ನಾನಿಲ್ಲದಾಗ ಬರೋನು ಯಾರು? ನೀನೇ ಅಲ್ವಾ?’ ಎಂದು ಅವನು ನನ್ನನ್ನು ಕೇಳಿದ. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವನು.

ನಾನು ಹೇಳಿದೆ. ಲೈನು ಕೊಡಲು ಒಂದೇ ಸಲ ಬಂದದ್ದು, ಬರೆದದ್ದು ನನ್ನ ನೆನಪಿಗೆ, ಪುಸ್ತಕ ಕಂಪನಿಯ ಕೈಗೆ ಹೋದದ್ದು ಹೀಗೆ. ಹೇಳಿದಷ್ಟೂ ಕೆಸರಿನಲ್ಲಿ ಇಳಿಯುತ್ತಾ ಹೋದೆ. ಕೊನೆಗೆ ‘ಯಾರಾದ್ರೂ ನಗೋದು ಕಣ್ಣಿಗೆ ಬಿದ್ರೆ ಸಾಕು ಅಂದ್ರು, ಅಷ್ಟೇ ಮಾರಾಯ್ರೆ’ ಎಂದುಬಿಟ್ಟೆ. ಅದನ್ನು ಹೇಳಬಾರದಿತ್ತು.

‘ಗಂಡ ಸತ್ತು ವರ್ಷ ತುಂಬಿಲ್ಲ, ಇವ್ಳಿಗೆ ನಗು ಬೇಕಾಯ್ತಂತೆ’ ಎಂದರು ಮೆಟ್ಟಿಲ ಮೇಲಿದ್ದ ತಾಯಿ. ಬೇಲಿಯ ಆಚೆ ಯಾರೋ ಕೆಮ್ಮಿದರು. ಆಕೆ ಬಾಗಿಲ ಹಿಂದೆ ನಿಂತಿದ್ದಳು, ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅಣ್ಣ ನನ್ನ ಕೈಯಿಂದಲೇ ಮಾವಿನ ಮರದ ಲೈನು ಬಿಚ್ಚಿಸಿದ. ಎಲ್ಲರ ಮುಂದೆ ಮರ ಹತ್ತಿ, ವಯರು ಸುತ್ತಿ, ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದೆ.

ಆ ರೆಕಾರ್ಡಿಂಗನ್ನು ಅವನು ಯಾರಿಗೋ ಕಳಿಸಿದ, ಅವರು ಇನ್ಯಾರಿಗೋ ಕಳಿಸಿದರು. ಎರಡು ದಿನದಲ್ಲಿ ಅದು ಕೊಪ್ಪದ ಹೋಟೆಲುಗಳಲ್ಲಿ ಕಾಫಿಯ ಜೊತೆ ಓಡಾಡಿತು. ನನ್ನ ಹೆಂಡತಿಯ ಸಂಘದ ವಾಟ್ಸಾಪಿಗೂ ಬಂತು. ಧಾರಾವಾಹಿ ನೋಡುವ ಜನಕ್ಕೆ ಪುಕ್ಕಟೆ ಒಂದು ಧಾರಾವಾಹಿ ಸಿಕ್ಕಿತು. ಹೆಂಡತಿ ನನ್ನನ್ನು ಅನುಮಾನಿಸಲಿಲ್ಲ, ಅದು ನನ್ನ ಪುಣ್ಯ. ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನೀವು ಬರ್ದು ಬೇರೆ ಇಟ್ರಿ. ನಂಗೆ ನಾಲ್ಕು ಜನ ಸಮಾಧಾನ ಹೇಳೋಕೆ ಬರ್ತಾರೆ. ಅವ್ಳಿಗೆ ಯಾರಿದಾರೆ?’ ಎಂದಳು. ವಾರ ಕಳೆಯುವುದರೊಳಗೆ ಆ ಮನೆಯವರು ಆಕೆಯನ್ನು ಸೀತೂರಿನ ತವರಿಗೆ ಕಳಿಸಿದರು. ವರ್ಷದ ಕಾರ್ಯಕ್ಕೂ ಬರುವುದು ಬೇಡ ಎಂದರಂತೆ.

ನಾನು ಕಂಪನಿಗೆ ಫೋನ್ ಮಾಡಿದೆ. ಹಪ್ಪಳ ತಿಂದು ಹೋದವನು ಒಂದು ಸಲ ಎತ್ತಿದ. ‘ಅಂಕಲ್, ಡೇಟಾ ಎಂಟ್ರಿ ಬೇರೆ ಟೀಮ್ ಮಾಡೋದು. ರಿಮಾರ್ಕ್ಸಲ್ಲಿ ಇದ್ದದ್ದನ್ನ ಅವ್ರು ಓದಿದಾರೆ. ಬರ್ದಿದ್ದು ನೀವೇ ಅಲ್ವಾ?’ ಎಂದ. ಆಮೇಲೆ ಎತ್ತಲಿಲ್ಲ. ಕಂಪನಿಯ ನಂಬರಿಗೆ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹಾಡು. ಎರಡು ದಿನದ ಮೇಲೆ ಒಂದು ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಥೂ, ಇವರ ಮನೆ ಹಾಳಾಗ. ಮಳೆಗಾಲ ಮುಗಿಯುವುದರೊಳಗೆ ನನ್ನ ಮನೆಗಳೆಲ್ಲ ಫೈಬರಿಗೆ ಹೋದವು. ಪಾರ್ಟ್ನರ್ ಎಂಬ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಕಂಪನಿಯನ್ನು ಬೈಯುವುದು ನನಗೆ ಒಂದು ಸುಖವೇ ಆಗಿಹೋಯಿತು. ಹೋಟೆಲಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಕೇಳುವವರು ಸಿಕ್ಕಿದರೆ ಸಾಕು. ಜನ ತಲೆಯಾಡಿಸುತ್ತಿದ್ದರು, ಕೈಯಲ್ಲಿದ್ದ ಮೊಬೈಲಿನಲ್ಲಿ ಏನೋ ಒತ್ತುತ್ತಲೇ. ಒಂದು ದಿನ ಹೆಂಡತಿ, ‘ಊರಿಗೆಲ್ಲ ಹೇಳಿದ್ರಿ. ಅವ್ಳಿಗೆ ಹೇಳಿದ್ರಾ?’ ಎಂದಳು. ಮಾರನೇ ದಿನವೇ ಹೊರಟೆ.

ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸೀತೂರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಆಕೆ ತವರಿನ ಜಗಲಿಯಲ್ಲಿ ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ಹಾಕಿ, ನೀರು ಬೆಲ್ಲ ತಂದಿಟ್ಟಳು. ಮತ್ತೆ ಯಂತ್ರದ ಮುಂದೆ ಕೂತಳು. ಮುಖ ಇಳಿದಿತ್ತು.

ನಾನು ಶುರುಮಾಡಿದೆ. ಕಂಪನಿಯವರು ಹೇಗೆ ಮೋಸ ಮಾಡಿದರು, ಆ ಯುವಕ ಏನೆಂದ, ಡೇಟಾ ಎಂದರೇನು, ಅದನ್ನು ಯಾವ ಊರಿನಲ್ಲಿ ಕೂತು ಯಾರು ಟೈಪ್ ಮಾಡುತ್ತಾರೆ, ನಾನು ಎಷ್ಟು ಸಲ ಫೋನ್ ಮಾಡಿದೆ, ಎಲ್ಲ. ಆಕೆ ದಾರ ಪೋಣಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು:

‘ಕಂಪ್ನಿ ಯಾರು ಅಂತ ನಂಗೆ ಗೊತ್ತಿಲ್ಲ ಅಣ್ಣಾ. ನಾನು ಹೇಳಿದ್ದು ನಿಮ್ಮ ಹತ್ರ.’

ಜೋಡಿಸಿಕೊಂಡು ಬಂದ ಮಾತು ಅಲ್ಲಿಗೆ ಮುಗಿದುಹೋಯಿತು. ‘ತಪ್ಪಾಯ್ತಮ್ಮ’ ಎಂದೆ. ನಮ್ಮ ಕಡೆ ತಪ್ಪಾಯ್ತು ಎಂದವರಿಗೆ ‘ಹೋಗ್ಲಿ ಬಿಡಿ’ ಎಂದು ಹೇಳುವುದು ವಾಡಿಕೆ. ಕಾಲು ತುಳಿದವನಿಗೂ ಹೇಳುತ್ತೇವೆ, ಗದ್ದೆಗೆ ದನ ನುಗ್ಗಿಸಿದವನಿಗೂ ಹೇಳುತ್ತೇವೆ. ಒಳಗೆ ಎಷ್ಟೇ ಉರಿಯುತ್ತಿದ್ದರೂ ಬಾಯಲ್ಲಿ ಆ ಮಾತು ಬಂದೇ ಬರುತ್ತದೆ. ನಾನು ಅದಕ್ಕೆ ಕಾಯುತ್ತಾ ಕೂತೆ.

‘ಹೌದು’ ಎಂದಳು ಆಕೆ, ಮತ್ತೆ ಯಂತ್ರ ತುಳಿಯಲು ಶುರುಮಾಡಿದಳು.