ಕಾಫಿ ಕಣದ ಡಬ್ಬಿಗೆ ಕಣ್ಣಿದೆಯಂತೆ!

ಸ್ನೇಹಿತರೇ, ಇವತ್ತು ಮಲ್ಲಂದೂರಿನ ಎಸ್ಟೇಟೊಂದರ ಕಾಫಿ ಕಣದಲ್ಲಿ, ಕತ್ತಲಾದರೆ ತಾನೇ ದೀಪ ಹೊತ್ತಿಸುವ ಮೈಕ್ರೋಕಂಟ್ರೋಲರ್ ಡಬ್ಬಿ ಕೂರಿಸಿದೆ. ಒಣಗಲು ಕಾಫಿ ಹರಡುತ್ತಿದ್ದ ಕೂಲಿಯ ಲಕ್ಷ್ಮಕ್ಕ ಕೆಲಸ ನಿಲ್ಲಿಸಿದರು.

"ಇದು ನಮ್ಮನ್ನ ನೋಡೋ ಕ್ಯಾಮೆರಾ ಅಲ್ವಾ?"

"ಅಲ್ಲಕ್ಕ, ಬೆಳಕು ಎಷ್ಟಿದೆ ಅಂತ ಮಾತ್ರ ಇದಕ್ಕೆ ಗೊತ್ತಾಗುತ್ತೆ."

ಅವರು ನಂಬದೆ ತಲೆವಸ್ತ್ರ ಬಿಚ್ಚಿ ಡಬ್ಬಿಯ ಮೇಲಿನ, ಬೆಳಕು ಅಳೆಯುವ ಸೆನ್ಸರನ್ನು ಮುಚ್ಚಿದರು. ಮಟಮಟ ಮಧ್ಯಾಹ್ನ ದೀಪಗಳೆಲ್ಲ ಹೊತ್ತಿಕೊಂಡವು.

"ನೋಡಿ, ಕಣ್ಣು ಮುಚ್ಚಿದ್ದು ಗೊತ್ತಾಯ್ತು ಅದಕ್ಕೆ!"

ಲ್ಯಾಪ್‌ಟಾಪ್ ತೆರೆದು, ಅನಲಾಗ್ ಪಿನ್ನಿನಿಂದ ಬರುವುದು ಬರೀ ಅಂಕಿ, ಚಿತ್ರವಲ್ಲ, ಅಂಕಿ ಇಳಿದರೆ ಡಿಜಿಟಲ್ ಪಿನ್ ದೀಪ ಹಾಕುತ್ತದೆ ಎಂದು ತೋರಿಸಿದೆ. ಅರೆಮನಸ್ಸಿನಲ್ಲೇ ಕೆಲಸಕ್ಕೆ ಮರಳಿದರು.

ಹೊರಡುವಾಗ ಎಸ್ಟೇಟ್ ಮಾಲೀಕರು ಜೀಪಿನ ಬಳಿ ಕರೆದು ಮೆಲ್ಲಗೆ ಕೇಳಿದರು: "ಅಲ್ಲ ಮಾರಾಯ, ಅದರೊಳಗೆ ಒಂದು ಸಣ್ಣ ಕ್ಯಾಮೆರಾ ಹಿಡಿಯುತ್ತಾ?"

"ಜಾಗ ಇಲ್ಲ ಸರ್" ಎಂದುಬಿಟ್ಟೆ.

ಲಕ್ಷ್ಮಕ್ಕ ಅನುಮಾನಪಟ್ಟಿದ್ದು ಸರಿಯೇ. ಪಾಪ, ಡಬ್ಬಿಯ ಮೇಲೆ ಪಡಬಾರದಿತ್ತು, ಅಷ್ಟೇ.