ತುಂಗಮ್ಮನ ಕೈಗೆ ಬಂದ ಗಿಡ್ಡ ಡ್ರೆಸ್ಸು

ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತುಂಗಮ್ಮ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾರೆ. ಈಚೆಗೆ ಎಸ್ಟೇಟ್ ಮನೆಗಳ ಹುಡುಗಿಯರು ಆನ್‌ಲೈನಿನಲ್ಲಿ ತರಿಸಿದ ಗಿಡ್ಡ ಡ್ರೆಸ್ಸುಗಳನ್ನು ಹಿಡಿದು ಬರುತ್ತಾರೆ. ಅರ್ಧ ತೊಡೆಗೇ ನಿಲ್ಲುವ ಬಟ್ಟೆ. ಯಾವ ಸಮಾರಂಭಕ್ಕೆ ಅದನ್ನು ಹೇಗೆ ಹಾಕಬೇಕೆಂದು ಹೇಳಿಕೊಡುವವರು, ಜೀವಮಾನದಲ್ಲಿ ಸೀರೆ ಬಿಟ್ಟು ಬೇರೇನೂ ಉಡದ ತುಂಗಮ್ಮ.

ಅವರದೊಂದು ಕ್ರಮವಿದೆ. ಡ್ರೆಸ್ಸು ಎಷ್ಟು ಮೇಲೇರುತ್ತದೆಂದು ನೋಡಲು ಮೊದಲು ಹುಡುಗಿಯನ್ನು ಸ್ಟೂಲ್ ಹತ್ತಿಸುತ್ತಾರೆ; ಅದು ಜೀಪು ಎಂದು ಲೆಕ್ಕ. ಆಮೇಲೆ ತಗ್ಗಿನ ಬೆಂಚಿನಲ್ಲಿ ಕೂರಿಸುತ್ತಾರೆ. ಅದು ಎಸ್ಟೇಟಿನವರ ಕ್ಲಬ್ಬಿನ ಸೋಫಾ. ಕ್ಲಬ್ಬಿಗಾದರೆ ಒಳಗೊಂದು ಚಡ್ಡಿ, ಮೇಲೆ ಉದ್ದನೆಯ ಕೋಟು. ಜಿಗಣೆ ಹತ್ತುವ ಮಳೆಗಾಲದಲ್ಲಿ ತೋಟದಲ್ಲಿ ಫೋಟೊ ತೆಗೆಸುವುದಾದರೆ ದಪ್ಪ ಕಾಲುಚೀಲ, ಗಂಬೂಟು.

“ಇಂಬಳಕ್ಕೆ ಫ್ಯಾಶನ್ ಗೊತ್ತಾಗಲ್ಲ ಮಾರಾಯ್ತಿ,” ಎನ್ನುತ್ತಾರೆ.

ಕಳೆದ ಫೆಬ್ರುವರಿಯಲ್ಲಿ ಬಾಳೂರಿನ ಕೃತಿಕಾ ಕಡುಹಸಿರು ಡ್ರೆಸ್ಸೊಂದನ್ನು ತಂದಳು. ಅಣ್ಣನ ನಿಶ್ಚಿತಾರ್ಥ, ಮನೆಯ ಕಾಫಿ ಒಣಗಿಸುವ ಕಣದಲ್ಲೇ. ಅವಳಜ್ಜಿ ಗಿರಿಜಾಂಬಾ ತುಂಗಮ್ಮನ ಮೊದಲ ಗಿರಾಕಿ. ಹತ್ತಾರು ಮನೆಗಳ ಬಾಗಿಲು ತೆರೆಸಿಕೊಟ್ಟವರು. ಅವರ ಮೊಮ್ಮಗಳು ನೆಂಟರೆದುರು ಮುಜುಗರಪಟ್ಟರೆ ತಾನು ಆ ಮನೆಗೆ ಮತ್ತೆ ಮುಖ ತೋರಿಸುವುದು ಹೇಗೆ? ತುಂಗಮ್ಮ ಮೂರು ಸಲ ಸ್ಟೂಲ್ ಹತ್ತಿಸಿ, ಮೂರು ಸಲ ಬೆಂಚಿನಲ್ಲಿ ಕೂರಿಸಿ ನೋಡಿದರು.

ನಿಶ್ಚಿತಾರ್ಥದ ಬೆಳಿಗ್ಗೆ ಪಿನ್ನಿನ ಡಬ್ಬಿ ಹಿಡಿದು ಹೋದಾಗ ಕಣದಲ್ಲಿ ಉದ್ದಕ್ಕೆ ಜಮಖಾನ ಹಾಸುತ್ತಿದ್ದರು. ಪಕ್ಕದಲ್ಲಿ ಬಾಳೆಲೆಯ ಕಟ್ಟು.

“ಟೇಬಲ್ ಊಟ ಅಲ್ವೇನೇ?” ಎಂದು ಕೃತಿಕಾಳನ್ನು ಕೇಳಿದರು.

“ಟೇಬಲ್ಲೂ ಇದೆ ತುಂಗಕ್ಕ. ನನ್ನನ್ನ ಮಾತ್ರ ಹೆಣ್ಣಿನ ಕಡೆಯವ್ರ ಜೊತೆ ಪಂಕ್ತೀಲಿ ಕೂರ್ಸ್ತಾರಂತೆ. ಅತ್ತಿಗೆ ಪಕ್ಕ.”

ಜೀಪು ಕೇಳಿದ್ದರು, ಸೋಫಾ ಕೇಳಿದ್ದರು. ಊಟ ನೆಲದ ಮೇಲೋ ಎಂದು ಕೇಳಿರಲಿಲ್ಲ. ತುಂಗಮ್ಮ ನೇರ ಗಿರಿಜಾಂಬಾ ಅವರ ಕೋಣೆಗೆ ಹೋದರು.

“ಅಮ್ಮಾವ್ರೆ, ನಿಮ್ದೊಂದು ಹಳೇ ರೇಷ್ಮೆ ಸೀರೆ ಬೇಕಿತ್ತು. ಕತ್ತರಿ ಹಾಕಲ್ಲ.”

“ಯಾಕೆ?”

ತುಂಗಮ್ಮ ಮುಚ್ಚಿಡದೆ ಹೇಳಿದರು. ಡ್ರೆಸ್ಸನ್ನೂ ತೋರಿಸಿದರು.

“ಇದಕ್ಕೆ ಬಟ್ಟೆ ಕಮ್ಮಿ ಬಿತ್ತಾ?” ಎಂದರು ಗಿರಿಜಾಂಬಾ.

“ಅಷ್ಟೇ ಅಮ್ಮಾವ್ರೆ ಅದು. ಊಟದ ಹೊತ್ತಿಗೆ ಸೀರೇನ ಲಂಗದ ಹಾಗೆ ನೆರಿಗೆ ಹಿಡಿದು ಕಟ್ತೀನಿ, ಡ್ರೆಸ್ಸು ಮೇಲಿರತ್ತೆ. ಕುಣಿಯೋ ಹೊತ್ತಿಗೆ ಸೀರೆ ಬಿಚ್ಚೋದು. ನೀವು ಬೇಡ ಅಂದ್ರೆ ಬೇಡ.”

ಗಿರಿಜಾಂಬಾ ಬೀರು ತೆರೆದು, ಎರಡು ಸೀರೆ ಪಕ್ಕಕ್ಕಿಟ್ಟು, ಸಾಸಿವೆ ಬಣ್ಣದ್ದನ್ನು ಕೊಟ್ಟರು. “ಹಸಿರಿಗೆ ಇದು ಒಪ್ಪತ್ತೆ.”

ಪಂಕ್ತಿಯಲ್ಲಿ ಕೃತಿಕಾ ಚಕ್ಕಳಮಕ್ಕಳ ಹಾಕಿ ನಿರಾಳವಾಗಿ ಉಂಡಳು. ಸಂಜೆ ಹಾಡು ಶುರುವಾದಾಗ ಸೀರೆ ಬಿಚ್ಚಿಟ್ಟು ಬರೀ ಡ್ರೆಸ್ಸಿನಲ್ಲಿ ಕಣಕ್ಕಿಳಿದಳು. ತುಂಗಮ್ಮ ಅವಳನ್ನು ನೋಡಲಿಲ್ಲ, ಕುರ್ಚಿಯಲ್ಲಿದ್ದ ಅಜ್ಜಿಯನ್ನು ನೋಡಿದರು.

“ಕಾಲು ಅವರಜ್ಜನ ಹಂಗೇ, ಉದ್ದ,” ಎಂದರು ಗಿರಿಜಾಂಬಾ. ಸ್ವಲ್ಪ ಹೊತ್ತು ಕುಣಿತ ನೋಡಿ, “ಮದುವೆಗೆ ನನ್ನ ರವಿಕೆ ಹೊಲಿಯೋದಿದೆ. ಬುಧವಾರ ಅಳತೆಗೆ ಬಾ,” ಎಂದರು.

“ಮಂಗಳವಾರವೇ ಬರ್ತೀನಿ,” ಎಂದ ತುಂಗಮ್ಮ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.