ಹೆಬ್ಬೆಟ್ಟು ಬೆಳೆಸಿದ ಎಂಟು ದಿನ

ನಮ್ಮತ್ತೆಗೆ ಸಹಿ ಮಾಡಲು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವರಿಗೆ ಸಿಟ್ಟು ಬರುತ್ತದೆ. ನಲವತ್ತು ದಾಟಿದ ಮೇಲೆ ವಯಸ್ಕರ ಶಾಲೆಗೆ ಹೋಗಿ, ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತ ಸಹಿ ಅದು. ‘ಹೆಬ್ಬೆಟ್ಟು ಒತ್ತೋದು ನಾಚಿಕೆಗೇಡು’ ಎಂದು ಅಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರಂತೆ. ಅತ್ತೆ ಅದನ್ನು ಇವತ್ತಿಗೂ ನಂಬುತ್ತಾರೆ.

ಅಂಥವರನ್ನು ನಾನೂ ನನ್ನ ಗಂಡನೂ ಬಿಳಿಗೆರೆಯಿಂದ ತಿಪಟೂರಿಗೆ ಕರೆದುಕೊಂಡು ಹೋಗಿ, ಬೆಂಬಲ ಬೆಲೆಗೆ ಕೊಬ್ಬರಿ ಕೊಡುವವರು ಹೆಸರು ಬರೆಸುವ ಸಾಲಿನಲ್ಲಿ ನಿಲ್ಲಿಸಿದೆವು. ತೋಟ ಅತ್ತೆಯ ಹೆಸರಿನಲ್ಲಿದೆ, ಅವರೇ ಬರಬೇಕು. ಬೆಳಿಗ್ಗೆ ನಿಂತವರು ಮಧ್ಯಾಹ್ನಕ್ಕೆ ಕಿಟಕಿ ತಲುಪಿದೆವು. ಅತ್ತೆ ಸೆರಗು ಸರಿಮಾಡಿಕೊಂಡು ಕಂಪ್ಯೂಟರಿನವನಿಗೆ ಹೇಳಿದರು:

“ಪೆನ್ನು ಕೊಡಪ್ಪ.”

“ಪೆನ್ನು ಬ್ಯಾಡ ಅಜ್ಜಿ, ಹೆಬ್ಬೆಟ್ಟು ಇಡಿ.”

“ನಂಗೆ ಸೈನ್ ಹಾಕಕ್ಕೆ ಬತ್ತದೆ ಕಣಪ್ಪ.”

“ಬಂದ್ರೂ ಹೆಬ್ಬೆಟ್ಟೇ ಬೇಕು ಅಜ್ಜಿ.”

ಮುಖ ಆ ಕಡೆ ತಿರುಗಿಸಿಕೊಂಡು ಇಟ್ಟರು. ಕೆಂಪು ದೀಪ. ಎಡಗೈಯದು ಇಟ್ಟರು. ಕೆಂಪು ದೀಪ. ಹತ್ತು ಬೆರಳೂ ಮುಗಿದವು. ಕಣ್ಣು ನೋಡುವ ಮಿಷನ್ನು ಇರಬೇಕಲ್ಲ ಎಂದು ನಾನು ಕೇಳಿದೆ. ಅದು ರಿಪೇರಿಗೆ ಹೋಗಿದೆ ಎಂದ. ಆಮೇಲೆ ಅತ್ತೆಯ ಕೈಯನ್ನೇ ಬೆಳಕಿಗೆ ಹಿಡಿದು ನೋಡಿ, “ನಿಮ್ಮ ಬೆರಳಲ್ಲಿ ಗೆರೇನೇ ಇಲ್ವಲ್ಲ ಅಜ್ಜಿ” ಎಂದ.

ಎಲ್ಲಿಂದ ಇರಬೇಕು? ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಸುಲಿದು, ಕರಟ ಬಿಡಿಸಿ, ಕೊಬ್ಬರಿಯ ಮೈ ಹೆರೆದು ನುಣುಪು ಮಾಡುವುದು ನಮ್ಮ ಮನೆಯಲ್ಲಿ ಅತ್ತೆಯ ಕೆಲಸ. ಮದುವೆಯಾಗಿ ಬಂದಾಗಿನಿಂದ ಮಾಡಿದ್ದಾರೆ. ಈ ಕೊಬ್ಬರಿ ನನ್ನದು ಎಂದು ಹೇಳಬೇಕಾದ ಬೆರಳನ್ನು ಕೊಬ್ಬರಿಯೇ ತಿಂದು ಹಾಕಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಈ ಮಿಷನ್ನನ್ನು ನೋಡಿರಲಿಲ್ಲ.

ಕಂಪ್ಯೂಟರಿನ ಹುಡುಗ ಒಳ್ಳೆಯವನು. ಎಂಟು ದಿನ ಏನೂ ಕೆಲಸ ಮಾಡದೆ, ಎಣ್ಣೆ ಹಚ್ಚಿಕೊಂಡು ಕುಳಿತರೆ ಗೆರೆ ಮತ್ತೆ ಮೂಡುತ್ತದೆ ಎಂದ. ಒಂಬತ್ತನೆಯ ದಿನವೇ ಕಡೆಯ ದಿನ. ತಪ್ಪಿದರೆ ಆ ವರ್ಷದ ಕೊಬ್ಬರಿಯನ್ನೆಲ್ಲ ವ್ಯಾಪಾರಿ ಕೇಳಿದಷ್ಟಕ್ಕೆ ಕೊಡಬೇಕು. ಅಟ್ಟದಲ್ಲಿ ಇನ್ನೂ ಅರ್ಧಕ್ಕರ್ಧ ಕಾಯಿ ಸುಲಿಯದೆ ಬಿದ್ದಿತ್ತು.

“ಅವ್ವ ಒಂದು ಕಡ್ಡೀನೂ ಮುಟ್ಟಬಾರದು, ನೀನು ನೋಡ್ಕೋ” ಎಂದು ನನ್ನ ಗಂಡ ಅಪ್ಪಣೆ ಕೊಡಿಸಿ, ಮಾರನೆಯ ದಿನ ಎಂದಿನಂತೆ ತಿಪಟೂರಿನ ಗೊಬ್ಬರದ ಅಂಗಡಿಗೆ ಬಿಲ್ಲು ಬರೆಯಲು ಹೊರಟುಹೋದರು. ಉಳಿದವಳು ನಾನು, ಪೇಟೆಯಲ್ಲಿ ಬೆಳೆದವಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಅಡುಗೆ, ದನ, ಹಾಲಿನ ಡೈರಿ ಎಲ್ಲ ಕಲಿತಿದ್ದೆ. ಕೊಬ್ಬರಿಯನ್ನು ಮಾತ್ರ ಅತ್ತೆ ನನಗೆ ಮುಟ್ಟಗೊಟ್ಟಿರಲಿಲ್ಲ. ಇಡೀ ಉಂಡೆಗಷ್ಟೇ ಬೆಲೆ, ಹೋಳು ಮಾಡಿಬಿಡುತ್ತೇನೆ ಎಂಬ ಭಯ.

ಹೋಳೇ ಮಾಡಿದೆ. ಜಗಲಿಯ ಮೇಲೆ ಎಣ್ಣೆಗೈ ಮೇಲೆತ್ತಿಕೊಂಡು ಕುಳಿತ ಅತ್ತೆ, ಒಂದೊಂದು ಏಟಿಗೂ ‘ಅಯ್ಯೋ’ ಎನ್ನುತ್ತಿದ್ದರು, ಕರಟಕ್ಕಲ್ಲ ಅವರ ತಲೆಗೇ ಏಟು ಬಿದ್ದಂತೆ.

“ಮೆತ್ತಗೆ ಕಣೇ! ಅದೇನು ಹಾವು ಹೊಡೀತಿದ್ದೀಯಾ?”

“ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ.”

“ಸುಮ್ನೆ ಕೂರೋದು ಹೆಂಗೆ ಅಂತ ನಂಗೆ ಯಾರು ಹೇಳಿಕೊಟ್ಟವ್ರೆ?”

ದಾರಿಯಲ್ಲಿ ಹೋಗುವವರು ನಿಂತು, ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. “ಹುಷಾರಾಗೇ ಇವ್ನಿ. ಹೆಬ್ಬೆಟ್ಟು ಬೆಳೆಸ್ತಾ ಕುಂತಿವ್ನಿ” ಎಂದು ಅತ್ತೆ ಉತ್ತರ ಕೊಡುತ್ತಿದ್ದರು. ಒಬ್ಬಾಕೆ ಹಾಲಿನ ಕೆನೆ ಹಚ್ಚಿ ಎಂದಳು, ಇನ್ನೊಬ್ಬಾಕೆ ನಿಂಬೆಹಣ್ಣು ತಿಕ್ಕಿ ಎಂದಳು. ಅತ್ತೆ ಇಬ್ಬರ ಮಾತನ್ನೂ ಕೇಳಿದರು. ಸೊಪ್ಪು ಸೋಸುವುದು, ಕಸ ಗುಡಿಸುವುದು, ಎಲ್ಲವೂ ನನ್ನ ಪಾಲಿಗೆ ಬಂತು. ಮನೆಯಲ್ಲಿ ಬಾಣಂತಿ ಇದ್ದರೂ ಇಷ್ಟು ಉಪಚಾರ ಇರುವುದಿಲ್ಲ.

ಐದನೆಯ ದಿನ ಡೈರಿಗೆ ಹಾಲು ಹಾಕಿ ಬಂದರೆ ಜಗಲಿ ಖಾಲಿ. ಹಿತ್ತಿಲಿನಲ್ಲಿ ಹೆರೆಯುವ ಸದ್ದು. ಹೋಗಿ ನೋಡಿದರೆ ಅತ್ತೆ ಎರಡೂ ಕೈಗೆ ಮಗನ ಕಾಲುಚೀಲ ತೊಟ್ಟುಕೊಂಡು ಕೊಬ್ಬರಿ ಹೆರೆಯುತ್ತಿದ್ದಾರೆ! ನಾನು ಬಾಯಿ ತೆರೆಯುವ ಮೊದಲೇ, “ಚೀಲ ಹಾಕ್ಕಂಡಿವ್ನಲ್ಲ, ಬೆರಳು ಎಲ್ಲಿ ಸವೀತದೆ?” ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಕತ್ತಿ ಕಿತ್ತುಕೊಂಡು ರೇಗಿಬಿಟ್ಟೆ. ಅತ್ತೆಯನ್ನು ಗದರಿದ್ದು ಅದೇ ಮೊದಲು. ಅವರು ಕಾಲುಚೀಲ ಕಳಚಿ ಮಡಿಚಿಟ್ಟು ಹೋದರು. ನನ್ನ ಸಿಟ್ಟಿಗೆ ನಾನೇ ನಾಚಿಕೊಂಡು ಅವತ್ತು ಸಾಯಂಕಾಲದವರೆಗೂ ತಲೆ ಎತ್ತದೆ ಸುಲಿದೆ.

ಒಂಬತ್ತನೆಯ ದಿನ ಮೂವರೂ ಮತ್ತೆ ಹೋದೆವು. ಅದೇ ಸಾಲು, ಅದೇ ಕಿಟಕಿ. ಅತ್ತೆ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಬಲಗೈ ಹೊರಗೆ ತೆಗೆದರು. ಒಂದು ಸಲ ಕೆಂಪು. ಒರೆಸಿ ಇನ್ನೊಂದು ಸಲ ಇಟ್ಟರು. ಹಸಿರು ದೀಪ! ಪರದೆಯ ಮೇಲೆ ಅವರ ಮುಖ ಬಂತು. ಹಿಂದೆ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಹುಡುಗ ಹೇಳಿದ: “ಹೆಸರು ಆಯ್ತು ಅಜ್ಜಿ. ಕೊಬ್ಬರಿ ತರೋ ದಿನಾನೂ ಹೆಬ್ಬೆಟ್ಟು ಬೇಕು, ಇನ್ನು ಹದಿನೈದು ದಿನಕ್ಕೆ. ನಿಮ್ದು ಕೈ ಕೊಟ್ರೆ ಕಷ್ಟ, ಮನೆಯವರಲ್ಲಿ ಇನ್ನೊಬ್ಬರದೂ ಸೇರಿಸಿಬಿಡ್ತೀನಿ.”

ನಾನು ಮುಂದೆ ಹೋಗಿ ಹೆಬ್ಬೆಟ್ಟು ಇಟ್ಟೆ. ಕೆಂಪು. ಮತ್ತೆ ಇಟ್ಟೆ. ಕೆಂಪು. ಅತ್ತೆ ನನ್ನ ಕೈ ಎಳೆದು ತಿರುಗಿಸಿ ನೋಡಿದರು. ತುದಿಯೆಲ್ಲ ತರಚಿ, ಬಿರುಕು ಬಿಟ್ಟು, ಚರ್ಮ ಎದ್ದಿತ್ತು. “ಹೇಳಬಾರ್ದಾ?” ಎಂದರು. ಅಷ್ಟಕ್ಕೇ ನನಗೆ ಅಳು ಬಂತು. ಸಾಲಿನಲ್ಲಿ ಅಳುವುದೇನು ಎಂದು ಮೂಗು ಒರೆಸಿಕೊಂಡೆ.

“ಸರಿ ಬುಡು, ನಾನು ಇಡ್ತೀನಿ” ಎಂದು ನನ್ನ ಗಂಡ ಬೆರಳು ಚಾಚಿದರು. ತಾಗಿತೋ ಇಲ್ಲವೋ, ಹಸಿರು.

ಅತ್ತೆ ಮಗನ ಹೆಬ್ಬೆಟ್ಟು ಹಿಡಿದು, ಕಣ್ಣಿನ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು.

“ಎಷ್ಟು ಚೆನ್ನಾಗವೆ ಕಣ್ಲಾ ಗೆರೆ, ಒಂದೂ ಸವೆದಿಲ್ಲ” ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. “ಇವನ್ದು ಬರ್ಕೋಬ್ಯಾಡಪ್ಪ. ಅವತ್ತೂ ನಂದೇ ಕೊಡ್ತೀನಿ. ನಾಳೆಯಿಂದ ನಾನೂ ನನ್ನ ಸೊಸೆನೂ ಜಗಲಿ ಮೇಲೆ ಕುಂತ್ಕತೀವಿ, ಉಳಿದಿದ್ದನ್ನ ಇವನು ಸುಲೀತಾನೆ.”